ಮಂಗಳವಾರದ ಹೂಂ

ಗೆದ್ದ ಮೇಲೂ ಊರಿಗೆ ಬರುವ ಎಂಎಲ್ಎಯನ್ನು ನಾನು ನಂಬುವುದಿಲ್ಲ. ಸೋತವರು ಬರಲಿ, ಪಾಪ, ಅವರಿಗೆ ಬೇರೆ ಕೆಲಸವಿರುವುದಿಲ್ಲ. ಗೆಲ್ಲಬೇಕೆನ್ನುವವರು ಬರಲಿ, ಕೈ ಮುಗಿಯಲಿ, ಕಂಡವರ ಮನೆಯ ಕೂಸಿನ ಮೂಗು ಒರೆಸಲಿ, ಅದು ಲೋಕರೂಢಿ. ಆದರೆ ಗೆದ್ದು, ಹಾರ ಹಾಕಿಸಿಕೊಂಡು, ರಾಜಧಾನಿಯಲ್ಲಿ ಕುರ್ಚಿ ಸಿಕ್ಕಿದ ಮೇಲೂ ಮಂಗಳವಾರ ಬಂತೆಂದರೆ ಬಸ್ಸಿಳಿದು, ತನ್ನ ಬ್ಯಾಗು ತಾನೇ ಹೊತ್ತುಕೊಂಡು ನನ್ನ ಹಿಟ್ಟಿನ ಮಿಲ್ಲಿನ ಜಗಲಿಗೆ ಬಂದು ಕೂರುವ ಹೆಂಗಸನ್ನು ಏನೆಂದು ತಿಳಿಯಬೇಕು? ಹಿಂದೆ ಪೊಲೀಸಿಲ್ಲ, ಮುಂದೆ ಜೈಕಾರವಿಲ್ಲ. ಕುಡಿಯಲು ನೀರು ಕೇಳುತ್ತಾಳೆ, ಕುಡಿದ ಚೊಂಬನ್ನು ತೊಳೆದಿಡುತ್ತಾಳೆ. ಚೊಂಬು ತೊಳೆದಿಟ್ಟ ದಿನವೇ ನನಗೆ ಖಾತ್ರಿಯಾಯಿತು, ಇವಳು ಏನೋ ದೊಡ್ಡದನ್ನೇ ಹೊಡೆಯಲು ಬಂದಿದ್ದಾಳೆ ಎಂದು.

ಅವಳ ಹೆಸರು ಅನಸೂಯಮ್ಮ. ನಮ್ಮ ಊರಿನವಳಲ್ಲ, ಪಕ್ಕದ ತಾಲ್ಲೂಕಿನವಳು. ನನ್ನ ಜಗಲಿಯನ್ನೇ ಯಾಕೆ ಆರಿಸಿಕೊಂಡಳು ಅಂದರೆ, ರಾಗಿ ಡಬ್ಬ ಹಿಡಿದು ಕಾಯುವ ಜನ ಅಲ್ಲಿ ಯಾವಾಗಲೂ ಇರುತ್ತಾರೆ, ಕರೆದು ಕೂರಿಸುವ ಖರ್ಚಿಲ್ಲ. ನಾನು ಮೋಟರು ನಿಲ್ಲಿಸುವುದನ್ನೇ ಕಾಯುತ್ತಿದ್ದು ಶುರು ಮಾಡುತ್ತಿದ್ದಳು. ಹೋದ ವಾರ ವಿಧಾನಸಭೆಯಲ್ಲಿ ಏನು ಮಾತಾಯಿತು, ಆಸ್ಪತ್ರೆಗೆ ಡಾಕ್ಟರನ್ನು ಯಾಕೆ ಹಾಕಿಲ್ಲ, ಯಾವ ಮಂತ್ರಿ ಏನು ಉತ್ತರ ಕೊಟ್ಟ, ಆ ಉತ್ತರದಲ್ಲಿ ಎಷ್ಟು ಸುಳ್ಳು, ಎಲ್ಲವನ್ನೂ ಪಕ್ಕದ ಮನೆಯ ಜಗಳ ಹೇಳಿದ ಹಾಗೆ ಹೇಳುತ್ತಿದ್ದಳು. ಹೇಳಿದರೆ ಹೇಳಲಿ. ಆದರೆ ಒಂದೊಂದು ಮಾತು ಮುಗಿದಾಗಲೂ ನಮ್ಮ ಮುಖ ನೋಡಿ, "ಅಲ್ವಾ?" ಅನ್ನುತ್ತಿದ್ದಳು. "ಇದು ನಿಮ್ಮ ದುಡ್ಡು, ನೀವೇ ಕೇಳ್ಬೇಕು, ಅಲ್ವಾ?" ಅಲ್ವಾ ಅಂದು ಸುಮ್ಮನೆ ಕಾಯುತ್ತಿದ್ದಳು. ನಮಗೆ ಮೈಯೆಲ್ಲ ಬೆವರು.

ಯಾಕೆಂದರೆ ನಮ್ಮೂರಿನಲ್ಲಿ ಒಬ್ಬರು ಹೇಳಿ ಇನ್ನೊಬ್ಬರು ಹೂಂ ಅಂದರೆ ಆ ಮಾತು ನಿಂತುಬಿಡುತ್ತದೆ. ಹೂಂ ಇಲ್ಲದೆ ಇಲ್ಲಿ ಏನೂ ಕಚ್ಚುವುದಿಲ್ಲ, ಸಿಮೆಂಟೂ ಕಚ್ಚುವುದಿಲ್ಲ, ತಾಳಿಯ ಗಂಟೂ ಕಚ್ಚುವುದಿಲ್ಲ. ಹಾಲಿಗೆ ಹೆಪ್ಪು ಹಾಕಿ "ಮೊಸರಾಗ್ತೈತೆ" ಎಂದು ಒಬ್ಬರು ಹೇಳಬೇಕು, ಇನ್ನೊಬ್ಬರು ತುಟಿ ಬಿಚ್ಚಿ ಹೂಂ ಅನ್ನಬೇಕು. ಮೂಗಿನಲ್ಲಿ ಗುಂಯ್ ಅಂದರೆ ನಡೆಯುವುದಿಲ್ಲ. ಅತ್ತೆ ಸೊಸೆ ಮಾತು ಬಿಟ್ಟ ಮನೆಯಲ್ಲಿ ಮೊಸರಿರುವುದಿಲ್ಲ, ಊರಿಗೆಲ್ಲ ಗೊತ್ತಾಗುತ್ತದೆ. ಅಂದಿದ್ದು ಎಷ್ಟೋ ಅಷ್ಟೇ, ಆಚೆಗಿಲ್ಲ ಈಚೆಗಿಲ್ಲ. ಮೊಸರಾಗುತ್ತದೆ ಅಂದರೆ ಮೊಸರಾಗುತ್ತದೆ. ಹುಳಿಯಾಗುವುದಿಲ್ಲ ಎಂದು ಸೇರಿಸದಿದ್ದರೆ ಮಾರನೆ ದಿನ ಹುಳಿಯೇ ಗತಿ. ಹೇಳುವವರು ಎಲ್ಲಿಯವರಾದರೂ ಆಗಬಹುದು, ಹೂಂ ಅನ್ನುವವರು ಮಾತ್ರ ನಮ್ಮೂರಿನವರೇ ಆಗಬೇಕು. ಒಂದು ಮಾತನ್ನು ಒಮ್ಮೆ ಹೇಳಿದವರು, ಆಮೇಲೆ ಅದನ್ನು ಯಾರೇ ಹೇಳಿದರೂ, ತಾವು ಹೂಂ ಅನ್ನುವ ಹಾಗಿಲ್ಲ. ಮದುವೆಯಾಗಿ ಬಂದ ಸೊಸೆಯ ಹೂಂ ಕೂಡ ಒಂದು ಯುಗಾದಿ ಕಳೆಯುವವರೆಗೆ ನಡೆಯುವುದಿಲ್ಲ.

ಈ ಗುಟ್ಟನ್ನು ಹಿಂದಿನ ಎಂಎಲ್ಎ ಹೇಗೋ ತಿಳಿದುಕೊಂಡಿದ್ದ. ನಯವಾದ ಮನುಷ್ಯ. ಶಾಲೆಯ ಬಯಲಿನಲ್ಲಿ ನಮ್ಮನ್ನೆಲ್ಲ ಕೂರಿಸಿ, ಭಾಷಣ ಬೇಡ, ಕಥೆ ಹೇಳುತ್ತೇನೆ ಅಂದ. ಒಂದೂರಲ್ಲಿ ಒಬ್ಬ ರಾಜ ಇದ್ದ. ಹೂಂ. ಅವನಿಗೆ ಮಕ್ಕಳಿರಲಿಲ್ಲ. ಹೂಂ. ಕಥೆ ಕೇಳುವವರು ಹೂಂ ಅನ್ನದೆ ಇರುತ್ತಾರೆಯೇ? ಹೀಗೇ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳುತ್ತಾ ಹೇಳುತ್ತಾ, "ಆ ರಾಜ ಈ ನಿಮ್ಮ ಕೆರೆಯಂಗಳದಲ್ಲೇ ಒಂದು ಸಾರಾಯಿ ಫ್ಯಾಕ್ಟರಿ ಕಟ್ಟಿಸಿದ, ಅದು ಸೂರ್ಯ ಚಂದ್ರ ಇರೋವರೆಗೂ ನಿಂತಿತು" ಅಂದ. ಊರಿಗೆ ಊರೇ ಹೂಂ ಅಂದಿತು. ಫ್ಯಾಕ್ಟರಿ ಇವತ್ತಿಗೂ ನಿಂತಿದೆ. ಒಮ್ಮೆ ಹಾರೆ ಗುದ್ದಲಿ ತೆಗೆದುಕೊಂಡು ಹೋದೆವು, ಒಂದು ಇಟ್ಟಿಗೆ ಅಲ್ಲಾಡಲಿಲ್ಲ. ಗಾಳಿ ಇತ್ತ ತಿರುಗಿದರೆ ಊಟ ಸೇರುವುದಿಲ್ಲ. ಆವತ್ತಿನಿಂದ ನಾವು ಪಾಠ ಕಲಿತೆವು. ದೊಡ್ಡ ಮನುಷ್ಯರು ಮಾತಾಡುವಾಗ ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು ಕೂರುವುದು. ಬಾಯಿ ತುಂಬಿದ್ದರೆ ಹೂಂ ಜಾರುವುದಿಲ್ಲ.

ಎಲೆ ಮಾರುವವನು ಈರಣ್ಣ. ಊರ ಮೇಲುಗಡೆ ಅವನದೇ ಎಲೆತೋಟ. ಮಂಗಳವಾರ ಬೆಳಿಗ್ಗೆಯೇ ಬುಟ್ಟಿ ತಂದು ನನ್ನ ಮಿಲ್ಲಿನ ಮುಂದೆ ಇಟ್ಟುಕೊಂಡು ಕೂರುತ್ತಿದ್ದ. "ತಗಳಿ, ತಗಳಿ, ಹಾಕ್ಕಳಿ, ಬರ್ತಾವ್ಳೆ" ಎಂದು ಎಲ್ಲರಿಗೂ ಕೊಡುತ್ತಿದ್ದ. ಅನಸೂಯಮ್ಮ ಮಾತು ಶುರು ಮಾಡಿದರೆ ಜಗಲಿಯ ತುಂಬ ಮೆಲುಕು ಹಾಕುವ ಸದ್ದು, ಅಷ್ಟೇ. ಪಾಪ, ಅವಳು ಒಮ್ಮೆ ಕೇಳಿಯೂಬಿಟ್ಟಳು: "ನಿಮ್ಮೂರಲ್ಲಿ ಎಲ್ಲರಿಗೂ ಎಲೆಯಡಿಕೆ ಅಂದ್ರೆ ಅಷ್ಟು ಇಷ್ಟನಾ?" ನಾವು ಅದಕ್ಕೂ ಉತ್ತರ ಕೊಡಲಿಲ್ಲ.

ಉತ್ತರ ಕೊಡಲು ನೋಡಿದವಳು ಒಬ್ಬಳೇ, ಜೈನಾಬಿ. ನನ್ನ ಮಿಲ್ಲಿಗೆ ಒತ್ತಿಕೊಂಡೇ ಅವಳ ಟೈಲರ್ ಅಂಗಡಿ, ಅಂಗಡಿಯ ಹಿಂದೆ ಮನೆ, ನಡುವೆ ಒಂದು ಮೋಟು ಗೋಡೆ. ನನ್ನ ಗಂಡ ಹೋದ ಮೇಲೆ ನಾನು ಒಂಟಿ, ಅವಳೂ ಒಂಟಿ. ಸಂಜೆ ನಾನು ಗೋಡೆಯ ಈಚೆ ನಿಂತು "ಮೊಸರಾಗ್ತೈತೆ ಕಣೇ" ಅಂದರೆ ಅವಳು ಆಚೆಯಿಂದ ಹೂಂ ಅನ್ನುವಳು. ಅವಳು ಹೇಳಿದರೆ ನಾನು. ಎಷ್ಟೋ ಸಲ ಅವಳು ಏನು ಹೇಳಿದಳೆಂದು ಕೇಳಿಸಿಕೊಳ್ಳದೆಯೇ ನನ್ನ ಬಾಯಿ ಹೂಂ ಅಂದುಬಿಡುತ್ತಿತ್ತು, ಅಷ್ಟು ರೂಢಿ. ಇಂಥ ಜೈನಾಬಿ ಒಂದು ಮಂಗಳವಾರ ಎಂಎಲ್ಎ ಮಾತಿಗೆ ತುಟಿ ಬಿಚ್ಚಲು ಹೋದಳು. ನಾನು ತೊಡೆ ಚಿವುಟಿದೆ. ಅಮ್ಮಾ ಎಂದು ಕಿರುಚಿಕೊಂಡಳು, ಹೂಂ ಬರಲಿಲ್ಲ.

"ಯಾಕೆ ಹಂಗೆ ಹಿಂಡ್ತೀಯಾ? ರಕ್ತ ಹೆಪ್ಪುಗಟ್ಟೈತೆ ನೋಡು" ಅಂದಳು ಆಮೇಲೆ.

"ಹೆಪ್ಪುಗಟ್ಲಿ. ಊರು ಉಳೀತು."

"ಅವಯಮ್ಮ ಏನು ಕೇಳಿದ್ದು? ಆಸ್ಪತ್ರೆಗೆ ಡಾಕ್ಟರು ಬೇಕು ಅಲ್ವಾ ಅಂದ್ಲು. ಬ್ಯಾಡ್ವಾ ನಿಂಗೆ?"

"ಡಾಕ್ಟರ ಹಿಂದೆ ಏನು ಬರ್ತೈತೋ ನಿಂಗೇನು ಗೊತ್ತು? ರಾಜನ ಹಿಂದೆ ಸಾರಾಯಿ ಬರ್ಲಿಲ್ವಾ?"

ಜೈನಾಬಿ ನಕ್ಕಳು. ನನಗೆ ನಗು ಬರಲಿಲ್ಲ. ಅದಾದ ಮೇಲೆ ಅವಳು ಎಂಎಲ್ಎ ಹೊರಡುವಾಗ ಬಸ್ಸಿನವರೆಗೂ ಜೊತೆಗೆ ಹೋಗಲು ಶುರು ಮಾಡಿದಳು. ಹೊಲಿಗೆಯವರಿಗೆ ಸರ್ಕಾರದಿಂದ ಮಿಷನ್ನಿಗೆ ಮೋಟರು ಸಿಗುತ್ತದೆ ಎಂದು ಅನಸೂಯಮ್ಮ ಜಗಲಿಯಲ್ಲಿ ಹೇಳಿದ್ದು ನಾವೆಲ್ಲ ಕೇಳಿದ್ದೆವು, ಕೇಳಿ ಎಲೆ ಅಗಿದಿದ್ದೆವು. ಇವಳು ಹೋಗಿ ವಿಚಾರಿಸಿ ಮೋಟರು ತಂದೇಬಿಟ್ಟಳು. ಇನ್ನು ಕಾಲಲ್ಲಿ ತುಳಿಯುವ ಹಾಗಿಲ್ಲ, ಮುಟ್ಟಿದರೆ ಸಾಕು, ಗುಯ್ಯೆಂದು ಓಡುತ್ತದೆ. ಈರಣ್ಣ ನನ್ನ ಕಿವಿಯ ಹತ್ತಿರ ಬಂದು, "ಹನುಮಕ್ಕ, ಬಿಟ್ಟಿ ಯಾರು ಕೊಡ್ತಾರೆ? ಯೋಚ್ನೆ ಮಾಡು" ಅಂದ. ನಾನು ಯೋಚನೆ ಮಾಡಿದೆ. ಯೋಚನೆ ಮಾಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಅನಸೂಯಮ್ಮ ಬಂದವಳು ನೀರೂ ಕೇಳಲಿಲ್ಲ. ನನ್ನ ಮಿಲ್ಲಿನ ನೆಲದ ಮೇಲೆ ಚೆಲ್ಲಿದ ಹಿಟ್ಟನ್ನು ಹಿಡಿಯಲ್ಲಿ ತುಂಬಿಕೊಂಡು, ಜಗಲಿಯ ಮೇಲೆ ರಂಗೋಲಿ ಎಳೆದ ಹಾಗೆ ಉದ್ದಕ್ಕೆ ಒಂದು ಗೆರೆ ಎಳೆದಳು. ಹೊಸ ರಸ್ತೆ ಬರುತ್ತಿದೆಯಂತೆ, ದೊಡ್ಡ ಲಾರಿಗಳು ಊರೊಳಗೆ ಬರದೆ ಬಳಸಿ ಹೋಗುವ ರಸ್ತೆ. ಮೊದಲಿನ ನಕ್ಷೆಯಲ್ಲಿ ಅದು ಮೇಲುಗಡೆ, ಮನೆಗಳಿಲ್ಲದ ಜಮೀನಿನ ಮೇಲೆ ಹೋಗುತ್ತಿತ್ತು. ಸಾರಾಯಿ ಫ್ಯಾಕ್ಟರಿಯವರಿಗೆ ಬಾಗಿಲ ಮುಂದೆಯೇ ರಸ್ತೆ ಬೇಕಂತೆ, ಅದಕ್ಕೆ ಕೆಳಗೆ ತಿರುಗಿಸಿದ್ದಾರೆ.

"ಈಗ ನೋಡಿ, ಇಲ್ಲಿ ಬರುತ್ತೆ" ಎಂದು ಗೆರೆಯನ್ನು ಎಳೆದುಕೊಂಡು ಬಂದು ನನ್ನ ಹೊಸ್ತಿಲಿಗೆ ತಾಗಿಸಿದಳು. "ಹನುಮಕ್ಕನವರ ಮಿಲ್ಲು ಹೋಗುತ್ತೆ. ಪಕ್ಕದಲ್ಲಿ ಜೈನಾಬಿ ಅಂಗಡಿ ಹೋಗುತ್ತೆ. ನಾನು ಸಭೆಯಲ್ಲಿ ಎದ್ದು ಬೇಡ ಅಂದೆ. ನಿಮ್ಮ ಜನ ಯಾರೂ ಬೇಡ ಅಂದಿಲ್ವಲ್ಲಮ್ಮ ಅಂದ್ರು. ಶುಕ್ರವಾರ ಸಾಹೇಬ್ರು ಶಾಲೆಗೆ ಬರ್ತಾರೆ. ಒಬ್ಬೊಬ್ಬರೂ ಎದ್ದು ಬಾಯಿ ಬಿಟ್ಟು ಹೇಳಿ. ಅಲ್ಲಿ ಸುಮ್ಮನಿದ್ರೆ ಒಪ್ಪಿದ್ರು ಅಂತ ಲೆಕ್ಕ."

ಈ ಮಿಲ್ಲಿದೆಯಲ್ಲ, ಇದನ್ನು ನಾನೂ ನನ್ನ ಗಂಡನೂ ಕಲ್ಲು ಹೊತ್ತು ಕಟ್ಟಿದ್ದು. ಅವನು ಹೋದ ಮೇಲೆ ಊರಿನವರು ಇವಳಿನ್ನು ತವರಿಗೆ ಹೋಗುತ್ತಾಳೆ ಅಂದುಕೊಂಡಿದ್ದರು. ನಾನು ಸೆರಗು ಸಿಕ್ಕಿಸಿ ಬೆಲ್ಟು ಹಾಕಲು ಕಲಿತೆ, ಬೀಸುವ ಕಲ್ಲಿಗೆ ಉಳಿಯಲ್ಲಿ ಕಚ್ಚು ಹೊಡೆಯಲು ಕಲಿತೆ. ಮಿಲ್ ಹನುಮಕ್ಕ ಅಂದರೆ ಹತ್ತೂರಿಗೆ ಗೊತ್ತು. ಮಿಲ್ಲು ಹೋದರೆ ನಾನು ಬರೀ ಹನುಮಕ್ಕ, ಯಾರ ಮನೆಯ ಮುಸುರೆಗೆ ನಿಲ್ಲಬೇಕೋ.

ಇಷ್ಟೆಲ್ಲ ಭಯವಾದರೂ, ಆ ಭಯದ ಒಳಗೇ ಇನ್ನೊಂದು ಹುಳು ಕೊರೆಯಿತು. ರಸ್ತೆ ನಿಜವೋ, ಇವಳ ಕಥೆಯೋ? ಈರಣ್ಣ ಅದನ್ನೇ ಬಾಯಿ ಬಿಟ್ಟು ಹೇಳಿದ, ಅನಸೂಯಮ್ಮ ಬಸ್ಸು ಹತ್ತಿದ ಮೇಲೆ.

"ಇಷ್ಟು ದಿನ ಅಲ್ವಾ ಅಲ್ವಾ ಅಂದ್ಲು, ನಾವು ಬಗ್ಗಲಿಲ್ಲ. ಈಗ ಹೆದರ್ಸಿ ಬಾಯಿ ತೆಗೆಸ್ತಾವ್ಳೆ. ಒಂದು ಸಲ ಬಾಯಿ ತೆಗೆದ್ರೆ ಹೂಂ ಬರ್ತೈತೋ ಉಹೂಂ ಬರ್ತೈತೋ ಯಾರಿಗೆ ಗೊತ್ತು? ನಮ್ಮೂರಲ್ಲಿ ನಾವು ಹೂಂ ಅನ್ನದೆ ಒಂದು ಕಲ್ಲು ಅಲ್ಲಾಡ್ತದಾ? ಸುಮ್ಕಿರಿ. ಸುಮ್ಕಿದ್ರೆ ಏನೂ ಆಗಾಕಿಲ್ಲ."

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಜೈನಾಬಿ ಮಾತ್ರ ಜಗಲಿಯ ಮೇಲಿನ ಹಿಟ್ಟಿನ ಗೆರೆಯನ್ನೇ ನೋಡುತ್ತಾ, "ಕಟ್ಟೋಕೆ ನಮ್ಮ ಹೂಂ ಬೇಕು, ಸರಿ. ಕೆಡವೋಕೆ ಯಾರ ಹೂಂ ಬೇಕು?" ಅಂದಳು. ಆಗ ನನಗೆ ಸಿಟ್ಟು ನೆತ್ತಿಗೇರಿತು. ಭಯ ಇದ್ದವರಿಗೆ ಸಿಟ್ಟು ಬೇಗ.

"ಹೌದು ಕಣೆ, ನಿಂಗೆ ಮೋಟರು ಕೊಟ್ಟವಳು ಹೇಳಿಕೊಟ್ಟಿರ್ತಾಳೆ, ಹೇಳು ಹೇಳು" ಅಂದೆ.

"ಏನಂದೆ?"

"ಬಿಟ್ಟಿ ಮೋಟರಿನ ಋಣ ತೀರಿಸ್ತಾ ಇದ್ದೀಯಾ ಅಂದೆ. ನಿನ್ನ ಅಂಗಡಿ ಉಳಿಸ್ಕಳಾಕೆ ನನ್ನ ಮಿಲ್ಲು ಒಪ್ಪಿಸಿದ್ದೀಯೇನೋ, ಯಾರಿಗೆ ಗೊತ್ತು!"

ಜೈನಾಬಿಯ ಮುಖ ಬಿಳಿಚಿತು. ಎದ್ದು ಹೋದಳು. ಅವತ್ತು ಸಂಜೆ ನಾನು ಗೋಡೆಯ ಹತ್ತಿರ ಹೋಗಲಿಲ್ಲ, ಅವಳೂ ಬರಲಿಲ್ಲ. ಹಾಲು ಹಾಲಾಗಿಯೇ ಕೆಟ್ಟಿತು. ಮಾರನೆ ದಿನ ಬರೀ ಸಾರಿನಲ್ಲಿ ಉಂಡೆ. ಆದರೂ ಸೋಲಲಿಲ್ಲ.

ಶುಕ್ರವಾರ ಶಾಲೆಯ ಹಜಾರ ತುಂಬಿಹೋಗಿತ್ತು. ಎಲ್ಲರ ಕೆನ್ನೆಯೂ ಉಬ್ಬಿತ್ತು. ಮೇಜಿನ ಹಿಂದೆ ಸಾಹೇಬರು, ಪಕ್ಕದಲ್ಲಿ ಅನಸೂಯಮ್ಮ. ಸಾಹೇಬರು ಓದಿದರು, ಓದಿದರು, ಸರ್ವೆ ನಂಬರುಗಳೆಲ್ಲ ಮುಗಿಯುವ ಹೊತ್ತಿಗೆ ನನ್ನ ಬಾಯಲ್ಲಿದ್ದ ಎಲೆ ಕರಗಿ ನೀರಾಗಿತ್ತು. ಶಾಲೆಯೊಳಗೆ ಉಗುಳುವ ಹಾಗಿಲ್ಲ, ನುಂಗಿದೆ. "ಯಾರದಾದರೂ ಆಕ್ಷೇಪಣೆ ಇದೆಯಾ?" ಎಂದರು. ಮೆಲುಕಿನ ಸದ್ದು. ಅನಸೂಯಮ್ಮ ಎದ್ದು ನಿಂತು ನನ್ನನ್ನೇ ನೋಡಿದಳು. "ಹನುಮಕ್ಕ, ನಿಮ್ಮ ಮಿಲ್ಲು ಹೋಗುತ್ತೆ ಕಣ್ರೀ. ನೀವಾದ್ರೂ ಹೇಳಿ. ದಮ್ಮಯ್ಯ ಅಂತೀನಿ" ಅಂದಳು. ಎಂಎಲ್ಎ ಆದವಳು ದಮ್ಮಯ್ಯ ಅನ್ನುತ್ತಾಳೆಯೇ? ಇದು ಜಾಸ್ತಿಯಾಯಿತು ಅಂದುಕೊಂಡೆ. ಸೊಂಟದ ಚೀಲಕ್ಕೆ ಕೈ ಹಾಕಿ ಇನ್ನೊಂದು ಎಲೆ ಹುಡುಕಿದೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಜೈನಾಬಿ ಎದ್ದಳು. ಬಾಯಲ್ಲಿ ಎಲೆಯಿಲ್ಲ. ಅವಳ ದನಿ ನಡುಗುತ್ತಿತ್ತು, ಆದರೂ ಇಡೀ ಹಜಾರಕ್ಕೆ ಕೇಳಿಸಿತು.

"ನಮ್ಮ ಹನುಮಕ್ಕನ ಮಿಲ್ಲು ಎಲ್ಲಿಗೂ ಹೋಗಾಕಿಲ್ಲ, ಇಲ್ಲೇ ಇರ್ತೈತೆ."

ಗೋಡೆಯಾಚೆಯಿಂದ ಸಂಜೆ ಸಂಜೆ ಕೇಳಿದ ದನಿ ಅದು. ಮಾತಿನ ಕೊನೆಯಲ್ಲಿ ಸ್ವಲ್ಪ ಮೇಲೇರಿ ನಿಲ್ಲುವ ಅದೇ ದನಿ.

"ಹೂಂ" ಅಂದುಬಿಟ್ಟೆ.

ನಾನು ಅಂದಿದ್ದಲ್ಲ, ನನ್ನ ಬಾಯಿ ಅಂದಿದ್ದು. ಹಜಾರದಲ್ಲಿದ್ದ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಈರಣ್ಣನ ಬಾಯಿಂದ ಕೆಂಪು ರಸ ಅಂಗಿಯ ಮೇಲೆ ಇಳಿಯಿತು. ಅಯ್ಯೋ ಶಿವನೇ, ಸರ್ಕಾರದವರ ಮುಂದೆ ಹೂಂ ಅಂದೆನಲ್ಲ, ಇದರ ಹಿಂದೆ ಇನ್ನೇನಿದೆಯೋ! ಸಿಕ್ಕಿದಷ್ಟು ಎಲೆಯನ್ನು ಮಡಿಸದೆಯೇ ಬಾಯಿಗೆ ತುರುಕಿಕೊಂಡೆ.

ಜೈನಾಬಿ ಇನ್ನೂ ನಿಂತೇ ಇದ್ದಳು. ನನ್ನ ಹೂಂ ಕೇಳಿ ಅವಳ ಮುಖ ಸ್ವಲ್ಪ ಅರಳಿತ್ತು. "ನನ್ನ ಅಂಗಡೀನೂ ಎಲ್ಲಿಗೂ ಹೋಗಾಕಿಲ್ಲ, ಇಲ್ಲೇ ಇರ್ತೈತೆ" ಅಂದು ನನ್ನ ಕಡೆ ನೋಡಿದಳು.

ನನ್ನ ಬಾಯಿ ತುಂಬಿತ್ತು.

ಅವಳು ಕಾದಳು. ಎಲ್ಲರ ಕಡೆ ಒಂದು ಸುತ್ತು ನೋಡಿ ಮತ್ತೆ ನನ್ನ ಕಡೆ ನೋಡಿದಳು. ಆಗ ಮೇಜಿನ ಹಿಂದಿನಿಂದ ಅನಸೂಯಮ್ಮ, "ಹೂಂ! ನಾನು ಹೂಂ ಅಂತೀನಿ, ಹೂಂ!" ಎಂದು ಕೂಗಿದಳು. ನಮ್ಮ ಗುಟ್ಟು ಅವಳಿಗೂ ತಿಳಿದುಹೋಗಿತ್ತು, ಜೈನಾಬಿಯೇ ಹೇಳಿರಬೇಕು. ನೋಡಿದಿರಾ, ದಾರಿ ತೋರಿಸಿಕೊಡುತ್ತಿದ್ದಾಳೆ, ಇದೇ ಅವಳ ಆಟ ಎಂದು ನಾನು ಇನ್ನೂ ಗಟ್ಟಿಯಾಗಿ ಅಗಿದೆ. ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ಎದ್ದರು. ಒಬ್ಬ ಹೆಂಗಸಿನ ಆಕ್ಷೇಪಣೆ ಬಿಟ್ಟರೆ ಊರಿನವರ ಒಪ್ಪಿಗೆಯಿದೆ ಎಂದು ಬರೆದುಕೊಂಡು ಹೋದರಂತೆ.

ಹೊರಗೆ ಬಂದಾಗ ಈರಣ್ಣ, "ಭಲೇ, ನಿನ್ನದು ನೀನು ಭದ್ರ ಮಾಡ್ಕಂಡೆ ಬಿಡು" ಎಂದು ಹಲ್ಲು ಕಿರಿದ. ನಾನು ದಾರಿಯುದ್ದಕ್ಕೂ ಜೈನಾಬಿಯ ಮಾತನ್ನು ತಿರುವಿ ತಿರುವಿ ನೋಡಿದೆ. ಯಾರಾದರೂ ತಮ್ಮದನ್ನು ಬಿಟ್ಟು ಮೊದಲು ಪರರದ್ದನ್ನು ಕೇಳುತ್ತಾರೆಯೇ? ಅದೂ ಅಷ್ಟು ಅನ್ನಿಸಿಕೊಂಡ ಮೇಲೆ? ಮಿಲ್ಲು ಇಲ್ಲೇ ಇರುತ್ತದೆ ಅಂದಳು, ಸರಿ. ಯಾರ ಕೈಲಿ ಇರುತ್ತದೆ ಅನ್ನಲಿಲ್ಲವಲ್ಲ! ನಾಳೆ ಎಂಎಲ್ಎ ಬಂದು ಈ ಮಿಲ್ಲು ನಮ್ಮದು ಅಂದರೆ? ಹೀಗೆ ನನ್ನ ತಲೆ ಓಡಿತು. ಒಂದು ಒಳ್ಳೆಯ ಮಾತನ್ನು ಒಳ್ಳೆಯದು ಎಂದು ತಿಳಿಯುವ ಶಕ್ತಿ ಆ ಫ್ಯಾಕ್ಟರಿಯ ಜೊತೆಗೇ ನಮ್ಮೂರಿನಲ್ಲಿ ಸತ್ತುಹೋಗಿತ್ತು.

ಭಾನುವಾರ ಸಂಜೆ ಗೋಡೆಯ ಆಚೆಯಿಂದ ಅವಳು ಕರೆದಳು. "ಹನುಮಕ್ಕಾ. ಸಿಟ್ಟಿದ್ರೆ ಇರ್ಲಿ. ನಾನೊಂದು ಮಾತು ಹೇಳ್ತೀನಿ, ಒಂದೇ ಒಂದು ಹೂಂ ಅನ್ನು, ಸಾಕು. ನನ್ನ ಅಂಗಡಿ..." ನಾನು ಒಳಗೆ ಹೋಗಿ ಮೋಟರಿನ ಸ್ವಿಚ್ಚು ಒತ್ತಿದೆ. ಕಾಳಿಲ್ಲದ ಕಲ್ಲು ಬರಿದೇ ಗರಗರ ತಿರುಗಿತು. ಕಲ್ಲು ಹಾಳಾಗುತ್ತದೆ ಎಂದು ಗೊತ್ತಿದ್ದೂ ಬಹಳ ಹೊತ್ತು ತಿರುಗಿಸಿದೆ. ನಿಲ್ಲಿಸಿದಾಗ ಆಚೆ ಯಾರೂ ಇರಲಿಲ್ಲ.

ಮಂಗಳವಾರ ಅನಸೂಯಮ್ಮ ಬರಲಿಲ್ಲ. ಈರಣ್ಣ ಬುಟ್ಟಿ ಇಟ್ಟುಕೊಂಡು ಕಾದ, ಜನ ಬಾಯಿ ತುಂಬಿಕೊಂಡು ಕಾದರು. ಜೈನಾಬಿ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದ್ದಳು. ತಾಲ್ಲೂಕು ಕಚೇರಿಯಲ್ಲಿ ಇನ್ನೊಂದು ಸಲ ಬೇಡ ಅನ್ನುವುದಕ್ಕೆ ಅವಕಾಶವಿದೆ ಎಂದು ಎಂಎಲ್ಎ ಕರೆಸಿಕೊಂಡಿದ್ದಳಂತೆ. ಅವರಿಬ್ಬರೂ ಅಲ್ಲಿ ಬೆಂಚಿನ ಮೇಲೆ ಕಾಯುತ್ತಿದ್ದಾಗ ಇಲ್ಲಿ ಬುಲ್ಡೋಜರು ಬಂತು.

ಮೊದಲು ನನ್ನ ಮಿಲ್ಲಿಗೇ ಬಂತು. ನಾನು ಹೊಸ್ತಿಲಿಗೆ ಅಡ್ಡ ನಿಂತೆ, ಪೊಲೀಸಮ್ಮನೊಬ್ಬಳು ರಟ್ಟೆ ಹಿಡಿದು ಎಳೆದಳು. ಹಲ್ಲು ಹಲ್ಲಿನ ದೊಡ್ಡ ಬಾಯಿ ಗೋಡೆಗೆ ಬಂದು ಗುದ್ದಿತು. ಗೋಡೆಯಿಂದ ಒಂದು ಚೂರು ಸುಣ್ಣವೂ ಉದುರಲಿಲ್ಲ. ಡ್ರೈವರು ಹಿಂದೆ ಹೋಗಿ ಮತ್ತೆ ಗುದ್ದಿದ, ಗಾಡಿಯ ಕಬ್ಬಿಣವೇ ಬಗ್ಗಿತು. ಊರಿನವರೆಲ್ಲ ಹೋ ಎಂದು ಕೂಗಿದರು. ನಾನು ಕೂಗಲಿಲ್ಲ. ಎಲ್ಲಿಗೂ ಹೋಗಾಕಿಲ್ಲ, ಇಲ್ಲೇ ಇರ್ತೈತೆ. ಆ ಮಾತಿನಲ್ಲಿ ಇನ್ನೇನೂ ಇರಲಿಲ್ಲ. ಕೊಕ್ಕೆಯಿರಲಿಲ್ಲ, ಎಂಎಲ್ಎ ಇರಲಿಲ್ಲ. ಹೇಳಿದ್ದು ಎಷ್ಟೋ ಅಷ್ಟೇ ಇತ್ತು.

ಡ್ರೈವರು ಹಣೆ ಒರೆಸಿಕೊಂಡು ಗಾಡಿಯನ್ನು ಪಕ್ಕಕ್ಕೆ ತಿರುಗಿಸಿದ.

"ಜೈನಾಬಿ ಅಂಗಡಿ ಎಲ್ಲಿಗೂ ಹೋಗಾಕಿಲ್ಲ, ಇಲ್ಲೇ ಇರ್ತೈತೆ!" ಎಂದು ನಾನು ಕಿರುಚಿದೆ. ನನ್ನ ಜನ್ಮದಲ್ಲಿ ಊರ ಮುಂದೆ ಹೂಂ ಬೇಡಿ ನಾನು ಹೇಳಿದ ಮೊದಲ ಮಾತು ಅದು. ಅಲ್ಲಿಯವರೆಗೆ ಅನ್ನಿಸಿಕೊಂಡಿದ್ದೆ, ಹೂಂ ಅಂದಿದ್ದೆ, ಹೂಂ ಅನ್ನದೆ ಕೂತಿದ್ದೆ, ಅಷ್ಟೇ. "ಅನ್ರೋ! ಯಾರಾದ್ರೂ ಹೂಂ ಅನ್ರೋ!"

ಯಾರೂ ಅನ್ನಲಿಲ್ಲ. ನಾನು ಒಬ್ಬೊಬ್ಬರ ಮುಂದೆ ಹೋಗಿ ನಿಂತೆ. ಒಬ್ಬರು ಆಕಾಶ ನೋಡಿದರು, ಒಬ್ಬರು ಕಾಲುಬೆರಳು ನೋಡಿದರು. ಈರಣ್ಣನ ಭುಜ ಹಿಡಿದು ಅಲ್ಲಾಡಿಸಿದೆ, "ಉಗಿಯೋ! ಉಗಿದು ಹೂಂ ಅನ್ನೋ!" ಅಂದೆ. ಅವನು ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿ, ತುಟಿಯ ಸಂದಿಯಿಂದ, "ಈ ಕಡೆ ಆಗದಿದ್ರೆ ರಸ್ತೆ ನನ್ನ ತೋಟದ ಮೇಲೆ ಹೋಯ್ತದೆ ಕಣಕ್ಕ" ಅಂದ. ಎಷ್ಟು ಸಲೀಸಾಗಿ ಅಂದ! ಇಷ್ಟು ವರ್ಷ ಎಲ್ಲರನ್ನೂ ಅನುಮಾನಿಸಿದೆ, ಬಾಯಿಗೆ ಎಲೆ ಕೊಡುತ್ತಿದ್ದವನನ್ನು ಒಂದು ಸಲವೂ ಅನುಮಾನಿಸಲಿಲ್ಲ.

ಅಂಗಡಿಯ ಬೀಗವನ್ನು ಕಲ್ಲಿನಿಂದ ಜಜ್ಜಿ ಒಡೆದೆ. ಹೊಲಿಗೆ ಮಿಷನ್ನನ್ನು ಸ್ಟ್ಯಾಂಡಿನ ಸಮೇತ ಎಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಹಿಂದೆ ಗೋಡೆ ಕೂತಿತು. ಒಂದೇ ಒಂದು ಗುದ್ದು. ಹೊಲಿದಿಟ್ಟ ರವಿಕೆಗಳು, ಯಾರ ಯಾರದ್ದೋ ಅಳತೆಯ ಬಟ್ಟೆಗಳು, ಎಲ್ಲ ಮಣ್ಣಿನೊಳಗೆ ಹೋದವು. ಹಿಂದಿನ ಮನೆ ಮಾತ್ರ ರಸ್ತೆಯ ಗೆರೆಯಿಂದ ಆಚೆಗಿದ್ದು ಉಳಿಯಿತು. ಆ ರಸ್ತೆ ಇವತ್ತಿಗೂ ಆಗಿಲ್ಲ, ಡಾಂಬರು ಸುರಿದರೆ ಕಚ್ಚುತ್ತಿಲ್ಲ, ಹೂಂ ಅನ್ನುವವರಿಲ್ಲ. ಅದು ಬೇರೆ ಮಾತು.

ಮಧ್ಯಾಹ್ನ ಆಟೋದಲ್ಲಿ ಇಬ್ಬರೂ ಬಂದಿಳಿದರು. ಕಚೇರಿಯಲ್ಲಿ ಸಾಹೇಬರೇ ಸಿಕ್ಕಿರಲಿಲ್ಲ. ಅನಸೂಯಮ್ಮ ಮಣ್ಣಿನ ಗುಡ್ಡೆ ನೋಡಿ, ನಿಂತಲ್ಲೇ ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದಳು. "ನಾನು ಅಂದೆನಲ್ಲಾ, ಹೂಂ ಅಂದೆನಲ್ಲಾ" ಅಂದಳು, ಅಷ್ಟು ಹೊತ್ತಿಗೆ ಅವಳ ಕಣ್ಣಲ್ಲಿ ನೀರು. ಅವಳ ಹೂಂ ನಮ್ಮೂರಿನಲ್ಲಿ ಒಂದು ಇಟ್ಟಿಗೆಯನ್ನೂ ಹಿಡಿದು ನಿಲ್ಲಿಸಲಿಲ್ಲ. ಅದಕ್ಕೇ ಮಂಗಳವಾರ ಮಂಗಳವಾರ ಬರುತ್ತಿದ್ದಳು ಎಂದು ಆಗ ಹೊಳೆಯಿತು. ಅವಳ ಕೈಲಿ ಏನೂ ಇರಲಿಲ್ಲ, ಇದ್ದದ್ದೆಲ್ಲ ನಮ್ಮ ಬಾಯಲ್ಲಿತ್ತು. ಅದರ ಮೇಲೆ ನಾವು ಎಲೆ ತುಂಬಿಕೊಂಡಿದ್ದೆವು.

ಜೈನಾಬಿ ಅಳಲಿಲ್ಲ. ಮಿಷನ್ನಿನ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. ನಾನು ಅವಳ ಮುಂದೆ ಹೋಗಿ ನಿಂತೆ.

"ಈ ಮಿಲ್ಲು ಇನ್ನು ಮೇಲೆ ನಮ್ಮಿಬ್ಬರದು" ಅಂದೆ.

ಅವಳು ತಲೆಯೆತ್ತಿ ನೋಡಿದಳು. ಆ ನೋಟ ನನಗೆ ಗೊತ್ತು. ಅದು ನನ್ನದೇ. ಅನಸೂಯಮ್ಮ ಚೊಂಬು ತೊಳೆದಿಟ್ಟಾಗ ನಾನು ಅವಳನ್ನು ನೋಡಿದ ನೋಟ.

"ಯಾಕೆ?" ಅಂದಳು ಜೈನಾಬಿ.

ಅವಳು ಹೂಂ ಅನ್ನಲಿಲ್ಲ.

ಬೇರೆ ದಾರಿಯಿಲ್ಲದೆ ಮಿಷನ್ನು ಮಿಲ್ಲಿನ ಕಿಟಕಿಯ ಪಕ್ಕಕ್ಕೆ ಬಂತು. ಈಗ ಅವಳು ಅಲ್ಲೇ ಕೂತು ಹೊಲಿಯುತ್ತಾಳೆ, ರವಿಕೆಯ ಬಟ್ಟೆಯ ಮೇಲೆ ಹಿಟ್ಟು ಕೂತರೆ ಕೊಡವಿಕೊಳ್ಳುತ್ತಾಳೆ. ಊಟಕ್ಕೆ ಕರೆದರೆ ಬರುತ್ತಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಅನಸೂಯಮ್ಮ ಮತ್ತೆ ಮಂಗಳವಾರ ಬರುತ್ತಿದ್ದಾಳೆ, ಜಗಲಿಯಲ್ಲಿ ಕೂತು ಹೇಳುತ್ತಾಳೆ. ನಾನು ಬಾಯಿಗೆ ಎಲೆ ಹಾಕುವುದಿಲ್ಲ. ನಡುವೆ ತಡೆದು, "ಅದಲ್ಲ ಕಣಮ್ಮ, ಡಾಕ್ಟರು ಯಾವಾಗ ಬರ್ತಾನೆ, ಅದನ್ನ ಹೇಳು" ಎಂದು ದಬಾಯಿಸುತ್ತೇನೆ. ಹಾಗೆಂದು ಅವಳನ್ನು ಪೂರ್ತಿ ನಂಬಿದ್ದೇನೆ ಅಂತಲ್ಲ. ನನ್ನನ್ನು ನೋಡಿ ಇನ್ನೂ ಕೆಲವರು ಎಲೆ ಉಗಿದು ಬಂದು ಕೂರುತ್ತಾರೆ. ಈರಣ್ಣ ಬುಟ್ಟಿಯನ್ನು ಬಸ್‌ ಸ್ಟ್ಯಾಂಡಿಗೆ ತೆಗೆದುಕೊಂಡು ಹೋಗಿದ್ದಾನೆ.

ಜೈನಾಬಿಗೆ ನಾನು ದಿನವೂ ಆ ಮಾತು ಹೇಳುತ್ತೇನೆ, ಮಿಲ್ಲು ನಮ್ಮಿಬ್ಬರದು ಎಂದು. ಮೋಟರು ನಿಲ್ಲಿಸಿ, ಕೈ ತೊಳೆದುಕೊಂಡು ಹೇಳುತ್ತೇನೆ. ಅವಳು ಸೂಜಿಗೆ ದಾರ ಪೋಣಿಸುತ್ತಿರುತ್ತಾಳೆ, ಇಲ್ಲವೇ ಬಾಯಲ್ಲಿ ಪಿನ್ನು ಕಚ್ಚಿಕೊಂಡಿರುತ್ತಾಳೆ. ಇವತ್ತು ಬೆಳಿಗ್ಗೆ ಹೇಳಿದಾಗ ಮಾತ್ರ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು.

"ನೀನು ಶಾಲೇಲಿ ಎಲೆ ತುರುಕ್ಕಂಡಿದ್ದು ಎಲ್ಲರ ಮುಂದೆ" ಅಂದಳು. "ಇದನ್ನೂ ಎಲ್ಲರ ಮುಂದೆ ಹೇಳು. ಎಂಎಲ್ಎ ಕೇಳ್ಲಿ, ಊರು ಕೇಳ್ಲಿ. ಆಮೇಲೆ ನೋಡಾನ."

ಇವತ್ತು ಸೋಮವಾರ.